ಉಳಿದ ಎರಡು ಮನೆ

ಗುರುಸಿದ್ದವ್ವನ ಬಾಯಿಂದ 'ಸಾಕು' ಎಂಬ ಒಂದು ಮಾತು ಹೊರಡಲಿ ಎಂದು ಹಿರೇಬಾವಿಯ ನೀರಿನ ಕಚೇರಿಯವರು ಐದು ತಿಂಗಳಿಂದ ಕಾಯುತ್ತಿದ್ದರು. ಮಗಳು ದಾಕ್ಷಾಯಣಿ ಹುಟ್ಟಿದಾಗಿನಿಂದ, ಅಂದರೆ ಹತ್ತೊಂಬತ್ತು ವರ್ಷಗಳಿಂದ, ಅವ್ವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಹೀಗಾಗಿ ಕಚೇರಿಯವರ ಆತುರ ನೋಡಿದರೆ ಮಗಳಿಗೆ ಒಳಗೊಳಗೇ ನಗು ಬರುತ್ತಿತ್ತು. ಈಚೆಗೆ ಆ ನಗುವೂ ಬತ್ತಿತ್ತು.

ಹಿರೇಬಾವಿಯಲ್ಲಿ ನೀರು ಹಂಚುವ ಕೆಲಸ ಮನುಷ್ಯರ ಕೈ ಬಿಟ್ಟು ಹತ್ತು ವರ್ಷ ಕಳೆದಿತ್ತು. ಹಿಂದೆ ಕೆರೆಯ ತೂಬು ಎತ್ತಿ ಇಳಿಸುತ್ತಿದ್ದವನಿಗೆ ಇದ್ದ ಹೆಸರನ್ನೇ ಯಂತ್ರಕ್ಕೂ ಇಟ್ಟು ಅದನ್ನು 'ನೀರಗಂಟಿ' ಎಂದು ಕರೆಯುತ್ತಿದ್ದರು. ಊರಲ್ಲಿ ಅರವತ್ತೆರಡು ಓಣಿ. ಹೊಳೆಯ ನೀರು ಒಂದು ಸಲ ಮೇಲಿನ ಟಾಕಿ ತುಂಬಿದರೆ ಎರಡು ಓಣಿಗೆ ಸಾಲುತ್ತಿತ್ತು. ಯಾವ ಎರಡಾದರೂ ಸರಿ. ದಿನಕ್ಕೆ ಮೂವತ್ತೊಂದು ಸಲ ಟಾಕಿ ತುಂಬಿದರೆ ಊರೆಲ್ಲ ತಣ್ಣಗೆ. ಹೋದ ಬೇಸಿಗೆಯಲ್ಲಿ ಹೊಳೆ ಇಳಿದು, ಟಾಕಿ ಮೂವತ್ತೇ ಸಲ ತುಂಬಿತು. ಮನುಷ್ಯನಾಗಿದ್ದರೆ ತಲೆ ಕೆರೆದುಕೊಂಡು, 'ಇವತ್ತು ಎರಡು ಓಣಿಗೆ ನೀರಿಲ್ಲ' ಎಂದು ಡಂಗುರ ಹೊಡೆಸಿ ಮನೆಗೆ ಹೋಗುತ್ತಿದ್ದ. ನೀರಗಂಟಿಗೆ ದಣಿವು ಎಲ್ಲಿಂದ ಬರಬೇಕು? ಅರವತ್ತೆರಡಕ್ಕೂ ಕೊಡು ಎಂದಿದ್ದರು, ಅದು ಕೊಡಲು ಹೊರಟಿತು. ಈ ಓಣಿಯ ವಾಲ್ವ್ ತೆರೆದು ಆ ಓಣಿಯದು ಮುಚ್ಚಿ, ಅದನ್ನು ತೆರೆದು ಇದನ್ನು ಮುಚ್ಚಿ, ಮಧ್ಯಾಹ್ನದೊಳಗೆ ನಲವತ್ತು ಸಾವಿರ ಸಲ ಪ್ರಯತ್ನಿಸಿತು. ವಾಲ್ವ್‌ಗಳು ಸವೆದು ಕಿತ್ತುಬಂದವು, ಪೈಪುಗಳು ಒಡೆದವು. ಎರಡು ಓಣಿಗೆ ತಪ್ಪಬೇಕಿದ್ದ ನೀರು ಇಡೀ ಊರಿಗೆ ಒಂಬತ್ತು ದಿನ ತಪ್ಪಿತು.

ಯಂತ್ರಕ್ಕೆ ಕೈಬಿಡುವುದನ್ನು ಕಲಿಸಬೇಕು ಎಂದು ಆಗ ಹಂಪಿಹೊಳಿ ಸಾಹೇಬರಿಗೆ ಹೊಳೆದದ್ದು. ಅವರು ನೀರಿನ ಕಚೇರಿಯ ಎಂಜಿನಿಯರು. ತೆಳ್ಳಗೆ, ಸದಾ ನಿದ್ದೆ ಸಾಲದ ಮುಖ. ಸಾವಿರ ಸಲ ಆದಮೇಲೆ ನಿಲ್ಲು ಎಂದು ಬರೆದಿಟ್ಟರೆ ಆಗದೇ ಎಂದು ಕೇಳಿದವರಿಗೆ ಅವರು ಹೇಳುತ್ತಿದ್ದರು: "ಅದು ಕೀಲಿ ಮುಗಿದ ಗಡಿಯಾರ ನಿಂತಂಗ ಆತ್ರಿ. ಮನಷ್ಯಾ ನಿಲ್ಲೂದು ಬ್ಯಾರೆ. ಇದು ನನ್ನ ಕೈಲೆ ಆಗೂದಲ್ಲ ಅಂತ ಒಳಗಿಂದ ಒಂದ ಸಲ ಗೊತ್ತಾಗತೈತಲ್ಲ, ಆ ಗಳಿಗಿ ಬೇಕ ನನಗ."

ಆ ಗಳಿಗೆಯನ್ನು ಹಿಡಿಯಲು ಅವರು ಹಳೆಯದೊಂದು ಒಗಟನ್ನು ಆರಿಸಿಕೊಂಡರು. ಎಂಟು ಸಾಲು, ಸಾಲಿಗೆ ಎಂಟು ಮನೆಯ ಮರದ ಹಲಗೆ. ಎದುರುಬದುರಿನ ಎರಡು ಮೂಲೆಯ ಮನೆಗಳನ್ನು ಕತ್ತರಿಸಿ ತೆಗೆದಿದ್ದರು. ಉಳಿದವು ಅರವತ್ತೆರಡು, ಊರಿನ ಓಣಿಗಳಷ್ಟೇ. ಪ್ರತಿ ಮನೆಗೂ ಒಂದು ಓಣಿಯ ನಂಬರಿನ ಚೀಟಿ ಅಂಟಿಸಿದ್ದರು. ಜೊತೆಗೆ ಮೂವತ್ತೊಂದು ಮರದ ಪಟ್ಟಿ. ಒಂದೊಂದು ಪಟ್ಟಿ ಅಕ್ಕಪಕ್ಕದ ಎರಡು ಮನೆಯನ್ನು ಮುಚ್ಚುವಷ್ಟು ಉದ್ದ. ಎಲ್ಲ ಪಟ್ಟಿ ಕೂರಿಸಿ ಎಲ್ಲ ಮನೆ ಮುಚ್ಚಬೇಕು, ಅಷ್ಟೇ. ಹಲಗೆಯ ಬದಿಗೆ ಒಂದು ಹಸಿರು ಗುಂಡಿ. ಬೇಸತ್ತವರು 'ಸಾಕು' ಎಂದು ಅದನ್ನು ಒತ್ತಿ ಎದ್ದುಹೋಗಬಹುದು. ಕೈ ಎಲ್ಲಿ ಏನಿಟ್ಟಿತು ಎಂಬುದನ್ನು ಹಲಗೆ ಗುರುತಿಟ್ಟುಕೊಂಡರೆ, ಒಳಗಿನ ದಣಿವನ್ನು ತಲೆಯ ಮೇಲಿನ ಟೊಪ್ಪಿಗೆ ಗುರುತಿಟ್ಟುಕೊಳ್ಳುತ್ತಿತ್ತು. ಎರಡೂ ನೀರಗಂಟಿಗೆ ಹೋಗುತ್ತಿದ್ದವು. ಅದು ಮಾತು ಕೇಳಿ ಕಲಿಯುವಂಥದ್ದಲ್ಲ, ಕೈ ನೋಡಿ ಕಲಿಯುವಂಥದ್ದು.

ಈ ಒಗಟಿಗೆ ಉತ್ತರವಿಲ್ಲ ಎಂಬುದು ಗಣಿತ ಓದಿದವರಿಗೆಲ್ಲ ಗೊತ್ತು. ಗೊತ್ತಿದ್ದವನು ಕೂತರೆ ಅವನದು ಸುಳ್ಳು ದಣಿವು. ಅದಕ್ಕೇ ಏಳನೆಯ ಇಯತ್ತೆಗಿಂತ ಹೆಚ್ಚು ಓದಿದವರು ಬೇಡ ಎಂದು ಊರಲ್ಲಿ ಸಾರಿಸಿದರು. ಕೂತವರಿಗೆಲ್ಲ, "ಕೂಡತಾವ್ರಿ, ಸಮಾಧಾನದಿಂದ ನೋಡ್ರಿ" ಎಂದೇ ಹೇಳುತ್ತಿದ್ದರು. ಹಲಗೆಯ ಮಾತನ್ನು ಮನೆಯಲ್ಲಿ ಆಡಬಾರದು ಎಂಬ ಕಟ್ಟಳೆಯೂ ಇತ್ತು.

"ಶಾಲಿ ಬಿಟ್ಟಿದ್ದಕ್ಕ ನಮ್ಮಪ್ಪ ಬಾರಕೋಲ ತಗೊಂಡ ಬಡದಿದ್ದ," ಎನ್ನುತ್ತಿದ್ದಳು ದ್ಯಾಮವ್ವ. "ಈಗ ಬಂದು ನೋಡಬೇಕಿತ್ತ. ಅದಕ್ಕಂತನ ಕರದು ಖುರ್ಚಿ ಮ್ಯಾಲ ಕುಂದರ್ಸ್ಯಾರ, ಮ್ಯಾಲ ಫ್ಯಾನು, ಹತ್ತಕ್ಕ ಚಹಾ."

ದ್ಯಾಮವ್ವ ಗುರುಸಿದ್ದವ್ವನ ಪಕ್ಕದ ಹಲಗೆಯವಳು. ಚಹಾದ ಕೆಟಲು ಬಾಗಿಲಲ್ಲಿ ಕಂಡ ಕೂಡಲೇ ಹಸಿರು ಗುಂಡಿ ಒತ್ತಿಬಿಡುತ್ತಿದ್ದಳು. ಅವಳ 'ಸಾಕು'ಗಳನ್ನು ಸಾಹೇಬರು ಬೇರೆಯೇ ತೆಗೆದಿಟ್ಟು, ಅವು ಚಹಾದ ಸಾಕುಗಳು, ಯಂತ್ರಕ್ಕೆ ಉಣಿಸಬೇಡಿ ಎಂದು ಬರೆಸಿದ್ದರು. ಉಳಿದವರದೂ ಹೆಚ್ಚುಕಡಿಮೆ ಹಾಗೆಯೇ. ಮೊದಲ ವಾರ ನಿಜವಾಗಿ ದಣಿದರು, ಆಮೇಲೆ ದಣಿದವರಂತೆ ಮಾಡಿದರು.

ಗುರುಸಿದ್ದವ್ವ ಮಾತ್ರ ಒಮ್ಮೆಯೂ ಗುಂಡಿ ಮುಟ್ಟಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ನಾಲ್ಕಕ್ಕೆ, "ಅವ್ವಾರ, ಕದಾ ಹಾಕ್ತೀವ್ರಿ" ಎಂದಾಗಲೇ ಏಳುವುದು. ಪಟ್ಟಿ ಕೂರಿಸುತ್ತಾಳೆ, ಎರಡು ಮನೆ ಉಳಿಯುತ್ತವೆ, ನೋಡುತ್ತಾಳೆ, ಎಲ್ಲ ತೆಗೆದು ಮತ್ತೆ ಕೂರಿಸುತ್ತಾಳೆ. ಅವಸರವಿಲ್ಲ, ಸಿಟ್ಟಿಲ್ಲ. ಸಾಹೇಬರು ಗಾಜಿನ ಆಚೆಯಿಂದ ಅವಳನ್ನೇ ನೋಡುತ್ತಿದ್ದರು. ಇಂಥವಳು ಕೈಬಿಟ್ಟ ದಿನ ಯಂತ್ರಕ್ಕೆ ನಿಜವಾದ ಪಾಠ ಸಿಕ್ಕೀತು ಎಂಬುದು ಅವರ ಆಸೆ.

ಆದರೆ ಅವಳು ಮನೆಗೆ ಬರುವಾಗ ಹೇಗಿರುತ್ತಾಳೆ ಎಂದು ನೋಡುತ್ತಿದ್ದವಳು ದಾಕ್ಷಿ ಒಬ್ಬಳೇ. ನಾಲ್ವರು ಅಕ್ಕಂದಿರೂ ಮದುವೆಯಾಗಿ ಹೋಗಿದ್ದರು. ದಾಕ್ಷಿಗೆ ಮಾತು ಕಡಿಮೆ, ಕಣ್ಣು ಚುರುಕು. ಏಳನೆಯ ಇಯತ್ತೆಯಲ್ಲಿ ಎದ್ದು ನಿಂತು ಮಗ್ಗಿ ಹೇಳಲು ನಾಚಿ, ಮೂರು ದಿನ ಶಾಲೆ ತಪ್ಪಿಸಿ, ನಾಲ್ಕನೆಯ ದಿನ ಅವ್ವನ ಪಕ್ಕ ಸೂಜಿ ಹಿಡಿದು ಕೂತವಳು ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ತಾಯಿ ಮಗಳು ಕೌದಿ ಹೊಲಿದೇ ಬದುಕಿದವರು. ಹಳೆಯ ಸೀರೆಗಳ ತುಂಡು ಜೋಡಿಸಿ ಗುರುಸಿದ್ದವ್ವ ಹೊಲಿದ ಕೌದಿ ಅಂದರೆ ಬೀಗರ ಮನೆಗೆ ಕಳಿಸುವಂಥದ್ದು. ಈಗ ಐದು ತಿಂಗಳಿಂದ ಅರ್ಧ ಹೊಲಿದ ಕೌದಿಯೊಂದು ಗಳುವಿನ ಮೇಲೆ ಹಾಗೇ ತೂಗುತ್ತಿತ್ತು.

ಅವ್ವನ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನೆ ಕೂತಾಗಲೂ ನಡುಗುತ್ತಿದ್ದವು. ಟೊಪ್ಪಿಗೆ ಕೂರುವ ಜಾಗದಲ್ಲಿ ಕೂದಲು ಸವೆದು ಬಳೆಯಾಕಾರದ ಗುರುತು ಬಿದ್ದಿತ್ತು. ಊಟಕ್ಕೆ ಕೂತರೆ ರೊಟ್ಟಿ ಮುರಿದು ಎರಡೆರಡು ಚೂರನ್ನು ತಾಟಿನ ಅಂಚಿಗೆ ಸಾಲಾಗಿ ಇಡುತ್ತಾಳೆ, ತಿನ್ನುವುದು ಮರೆಯುತ್ತಾಳೆ.

"ಅವ್ವಾ, ಉಣ್ಣು. ಆರಿ ಹೋಗತೈತಿ."

"ಹೂಂ."

"ನಾಳಿ ಹೋಗಬ್ಯಾಡ. ಒಂದ ದಿನ ಬಿಡು."

"ಹಂಗ ನಡುವ ಬಿಡಾಕ ಬರೂದಿಲ್ಲ," ಎನ್ನುತ್ತಿದ್ದಳು ಅವ್ವ.

ಅವ್ವನಿಗೆ ಬಿಡಲು ಬರುವುದಿಲ್ಲವಾದರೆ ಒಗಟು ಬಿಡಿಸುವುದನ್ನು ತಾನೇ ಕಲಿಯಬೇಕು ಎಂದುಕೊಂಡಳು ದಾಕ್ಷಿ. ಹಲಗೆಯ ಉತ್ತರ ಸಿಕ್ಕರೆ ಅವ್ವನಿಗೆ ಹೇಳಿ, ಎಲ್ಲ ಪಟ್ಟಿ ಕೂರಿಸಿ, ಆ ಕಚೇರಿಯಿಂದ ಎಬ್ಬಿಸಿಕೊಂಡು ಬರಬಹುದು. ಮಧ್ಯಾಹ್ನದ ಬುತ್ತಿ ಕೊಡಲು ಹೋದವಳು ಸಾಹೇಬರ ಮುಂದೆ ನಿಂತು ನೆಲ ನೋಡಿದಳು.

"ಏನ್ ಬೇಕ ತಂಗಿ?"

ಅವಳು ಖಾಲಿ ಇದ್ದ ಹಲಗೆಯೊಂದರ ಕಡೆ ಬೆರಳು ಮಾಡಿದಳು.

"ಎಷ್ಟ ಕಲತೀ?"

ದಾಕ್ಷಿ ಏಳು ಬೆರಳು ತೋರಿಸಿದಳು. ಹಿಂದಿನಿಂದ ದ್ಯಾಮವ್ವ, "ಏಳೂ ಪೂರಾ ಆಗಿಲ್ರೀ ಸಾಹೇಬ್ರ. ಕುಂದರ್ಸ್ಕೋರಿ, ಬಂಗಾರದಂಥಾ ಹುಡುಗಿ, ಏನೂ ಗೊತ್ತಿಲ್ಲ" ಎಂದು ಶಿಫಾರಸು ಮಾಡಿದಳು.

ಹನ್ನೊಂದು ದಿನ ದಾಕ್ಷಿ ಕೂತಳು. ಅಡ್ಡ ಇಟ್ಟಳು, ಉದ್ದ ಇಟ್ಟಳು, ಅಂಚಿನಿಂದ ಒಳಗೆ ಬಂದಳು, ನಡುವಿನಿಂದ ಹೊರಗೆ ಹೋದಳು. ಪ್ರತಿ ಸಲವೂ ಮೂವತ್ತು ಪಟ್ಟಿ ಕೂತು ಒಂದು ಪಟ್ಟಿ ಕೈಯಲ್ಲಿ ಉಳಿಯುತ್ತಿತ್ತು. ಎರಡು ಮನೆ ಬರಿದಾಗಿ ಉಳಿಯುತ್ತಿದ್ದವು. ಒಂದು ಅಲ್ಲಿ, ಒಂದು ಇಲ್ಲಿ. ಪಕ್ಕಪಕ್ಕದಲ್ಲಿ ಅಲ್ಲ, ಎಂದೂ ಅಲ್ಲ. ಅದೇ ಅವಳಿಗೆ ಹತ್ತಿದ ಮುಳ್ಳು. ಇಷ್ಟು ಸಲದಲ್ಲಿ ಒಮ್ಮೆಯಾದರೂ ಆ ಎರಡು ಪಕ್ಕಪಕ್ಕ ಬಂದು ನಿಲ್ಲಬಾರದೇ?

ಹನ್ನೆರಡನೆಯ ದಿನ ಅಮಾವಾಸ್ಯೆ, ಕಚೇರಿಗೆ ರಜೆ. ಅವ್ವ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದಳು. ದಾಕ್ಷಿ ಗಂಟು ಬಿಚ್ಚಿ ಕೆಂಪು, ಬಿಳಿ ತುಂಡುಗಳನ್ನು ಆರಿಸಿ, ಹಲಗೆಯಷ್ಟೇ ಒಂದು ಸಣ್ಣ ಕೌದಿಯನ್ನು ಟಾಕು ಹಾಕಿದಳು. ಎಂಟು ಸಾಲು, ಸಾಲಿಗೆ ಎಂಟು. ಅವ್ವ ಕಲಿಸಿದ ಪದ್ಧತಿಯೊಂದಿತ್ತು: ಒಂದು ಬಣ್ಣದ ಪಕ್ಕ ಅದೇ ಬಣ್ಣ ಬರಬಾರದು, ಕೌದಿ ಮಂಕಾಗುತ್ತದೆ. ಕೈ ತಾನಾಗಿಯೇ ಕೆಂಪಿನ ಪಕ್ಕ ಬಿಳಿ, ಬಿಳಿಯ ಪಕ್ಕ ಕೆಂಪು ಇಡುತ್ತ ಹೋಯಿತು. ಕೊನೆಗೆ ಹಲಗೆಯಲ್ಲಿದ್ದಂತೆ ಎದುರುಬದುರಿನ ಎರಡು ಮೂಲೆ ಕತ್ತರಿಸಿ ತೆಗೆದಳು. ಕತ್ತರಿಸಿದ ತುಂಡುಗಳು ಅಂಗೈಯಲ್ಲಿದ್ದವು. ಎರಡೂ ಬಿಳಿ.

ಅವಳು ಎಣಿಸಿದಳು. ಕೆಂಪು ಮೂವತ್ತೆರಡು. ಬಿಳಿ ಮೂವತ್ತು.

ಒಂದು ಪಟ್ಟಿ ಹೇಗೇ ಇಟ್ಟರೂ ಅಕ್ಕಪಕ್ಕದ ಎರಡು ಮನೆ ಮುಚ್ಚಬೇಕು. ಅಕ್ಕಪಕ್ಕ ಅಂದರೆ ಒಂದು ಕೆಂಪು, ಒಂದು ಬಿಳಿ. ಮೂವತ್ತು ಪಟ್ಟಿಗೆ ಮೂವತ್ತು ಬಿಳಿಯೂ ಮುಗಿದವು. ಉಳಿದದ್ದು ಎರಡು ಕೆಂಪು. ಕೆಂಪು ಕೆಂಪು ಎಂದೂ ಪಕ್ಕಪಕ್ಕ ಬರುವುದಿಲ್ಲ. ಸಾವಿರ ಸಲ ಇಟ್ಟರೂ ಅಷ್ಟೇ, ಬ್ರಹ್ಮ ಬಂದು ಇಟ್ಟರೂ ಅಷ್ಟೇ. ಮರದ ಹಲಗೆಗೆ ಬಣ್ಣ ಬಳಿದಿರಲಿಲ್ಲ, ಅದಕ್ಕೇ ಇಷ್ಟು ದಿನ ಕಾಣಲಿಲ್ಲ.

ಅವಳಿಗೆ ಖುಷಿಯೇನೂ ಆಗಲಿಲ್ಲ. ದಿನವೆಲ್ಲ ಕದ ಬಡಿದ ಮನೆಯಲ್ಲಿ ಜನರೇ ಇಲ್ಲವೆಂದು ಸಂಜೆಗೆ ಗೊತ್ತಾದಂತಾಯಿತು. ಮೂಲೆಯಲ್ಲಿ ಅವ್ವನ ಎರಡು ಬೆರಳು ನಿದ್ದೆಯಲ್ಲೂ ಏನನ್ನೋ ಎತ್ತಿ ಇಡುತ್ತಿದ್ದವು.

ಮರುದಿನ ಸಾಹೇಬರ ಕೋಣೆಗೆ ಹೋಗಿ ಆ ಸಣ್ಣ ಕೌದಿಯನ್ನು ಮೇಜಿನ ಮೇಲೆ ಬಿಚ್ಚಿದಳು. ಹೆಚ್ಚು ಮಾತು ಬೇಕಾಗಲಿಲ್ಲ. ಕೆಂಪಿನ ಮೇಲೆ ಒಂದು ಬೆರಳು, ಬಿಳಿಯ ಮೇಲೆ ಒಂದು ಬೆರಳು ಇಟ್ಟು ತೋರಿಸಿದಳು. ಸಾಹೇಬರ ಮುಖ ಇಳಿಯಿತು.

"ಯಾರ್ ಹೇಳಿದ್ರ ನಿನಗ ಇದನ್ನ?"

"ಕೌದಿ ಹೇಳಿತ್ರೀ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಚಲೋ ಕಂಡ ಹಿಡದಿ ತಂಗಿ. ಆದ್ರ ನಾಳಿಂದ ನೀ ಹಲಗಿಗೆ ಕುಂದರೂ ಹಂಗಿಲ್ಲ. ತಿಳದವ್ರ ದಣಿವು ಯಂತ್ರಕ್ಕ ವಿಷ. ಮತ್ತ..." ತಡೆದು ಹೇಳಿದರು, "ನಿಮ್ಮವ್ವಗ ಹೇಳಬ್ಯಾಡ."

ದಾಕ್ಷಿ ತಲೆ ಎತ್ತಿದಳು.

"ಇನ್ನ ಹನ್ನೆರಡ ದಿನಕ್ಕ ಹೊಳಿ ಇಳಿತೈತಿ. ಹೋದ ವರ್ಷದ ಒಂಬತ್ತ ದಿನ ಮರತೀ ಏನು? ಉಳದವ್ರ ಸಾಕು ಎಲ್ಲಾ ಹೊಟ್ಟು. ನಿಮ್ಮವ್ವಂದು ಒಂದ, ಒಂದ ಬಂದ್ರ ನೀರಗಂಟಿಗೆ ಬುದ್ಧಿ ಬರ್ತೈತಿ."

"ಅವ್ವನ ಕೈ ನಡಗತಾವ್ರಿ," ಎಂದಳು ದಾಕ್ಷಿ.

ಸಾಹೇಬರು ಗಾಜಿನ ಆಚೆಗೆ ನೋಡಿದರು. ಗುರುಸಿದ್ದವ್ವ ಪಟ್ಟಿ ಎತ್ತಿಡುತ್ತಿದ್ದಳು. "ನೋಡೀನಿ ತಂಗಿ," ಎಂದರು. "ದಿನಾ ನೋಡ್ತೀನಿ. ನನಗೂ ಚಲೋ ಅನಸೂದಿಲ್ಲ."

ಹೋದ ವರ್ಷದ ಒಂಬತ್ತು ದಿನಗಳನ್ನು ದಾಕ್ಷಿ ಮರೆತಿರಲಿಲ್ಲ. ಬಾಣಂತಿಯೊಬ್ಬಳ ಕೂಸಿಗೆ ನೀರು ಹಾಕಲು ಓಣಿಯವರೆಲ್ಲ ಚಂಬು ಚಂಬು ಕೂಡಿಸಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಊರು, ಇನ್ನೊಂದರಲ್ಲಿ ಅವ್ವ. ಮೂರು ದಿನ ದಾಕ್ಷಿ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಸಂಜೆ ಅವ್ವ ಗಳುವಿನ ಮೇಲಿನ ಕೌದಿ ಇಳಿಸಿ ಸೂಜಿಗೆ ದಾರ ಪೋಣಿಸಲು ಹೋದಳು. ಆಗಲಿಲ್ಲ. ಐದಾರು ಸಲ ನೋಡಿ, ಸೂಜಿಯನ್ನು ಅರಿವೆಗೆ ಚುಚ್ಚಿ, ಏನೂ ಆಗಿಲ್ಲವೆಂಬಂತೆ ಎತ್ತಿಟ್ಟಳು. ನಲವತ್ತು ವರ್ಷ ಕಣ್ಣುಮುಚ್ಚಿ ದಾರ ಪೋಣಿಸಿದ ಕೈ ಅದು.

ದಾಕ್ಷಿ ಸಣ್ಣ ಕೌದಿಯನ್ನು ಅವ್ವನ ತೊಡೆಯ ಮೇಲೆ ಹಾಸಿದಳು.

"ಚಲೋ ಹಚ್ಚೀ. ಮೂಲಿ ಯಾಕ ಕಡದಿ?"

"ನಿನ್ನ ಹಲಗಿ ಐತಲ್ಲ, ಹಂಗ ಇದು. ಯವ್ವಾ, ಅದು ಕೂಡೂದಿಲ್ಲ. ಎಂದೂ ಕೂಡೂದಿಲ್ಲ. ಅವ್ರು ಸುಳ್ಳ ಹೇಳ್ಯಾರ. ಕೆಂಪು ಎರಡು ಹೆಚ್ಚ ಅದಾವ ನೋಡಿಲ್ಲೆ."

ಗುರುಸಿದ್ದವ್ವ ಕೌದಿಯ ಮೇಲೆ ಕೈಯಾಡಿಸಿದಳು. "ಬಣ್ಣ ಹಚ್ಚಿ ನೋಡೀ? ಶಾಣ್ಯಾಕಿ," ಎಂದಳು. "ನನಗ ಎರಡನೇ ವಾರದಾಗ ಗೊತ್ತಾತು."

ದಾಕ್ಷಿ ಅವ್ವನ ಎದುರಿಗೆ ಕುಕ್ಕರಿಸಿದಳು.

"ಐದು ಹುಡುಗ್ಯಾರಿಗೆ ನಾಕ ರೊಟ್ಟಿ ಹಂಚಿದಾಕಿಗೆ ಅದು ತಿಳಿಯಾಕ ಎಷ್ಟ ಹೊತ್ತ ಬೇಕ? ಒಂದ ಕಡೆ ಎಣಿಕಿ ಕಡಿಮಿ ಇದ್ರ ಹೆಂಗ ಹಂಚಿದ್ರೂ ಯಾರರ ಒಬ್ರು ಉಳಿಯೂದ."

"ಮತ್ತ ಇಷ್ಟ ದಿನ ಏನ್ ಮಾಡಾಕತ್ತೀ ಅಲ್ಲಿ?"

"ಪಾಳಿ ಹಚ್ಚೀನಿ."

ನಿಧಾನವಾಗಿ ಬಿಡಿಸಿ ಹೇಳಿದಳು. ಎರಡು ಮನೆ ಉಳಿಯುವುದು ತಪ್ಪುವುದಿಲ್ಲ. ಆದರೆ ದಿನವೂ ಅವೇ ಎರಡು ಉಳಿಯಬಾರದು. ಮೊದಲ ಸಲ ಈ ಎರಡು ಉಳಿದರೆ ಮುಂದಿನ ಸಲ ಬೇರೆ ಎರಡು. ಹದಿನಾರು ಸಲ ಹಾಕಿದರೆ ಒಂದು ಸುತ್ತು. ಕೆಂಪಿನ ಮೂವತ್ತೆರಡು ಮನೆಯೂ ಒಂದೊಂದು ಸಲ ಹಸಿದಿರುತ್ತವೆ, ಯಾವುದೂ ಎರಡು ಸಲ ಹಸಿಯುವುದಿಲ್ಲ. ಸುತ್ತು ಮುಗಿದರೆ ಮತ್ತೊಂದು ಸುತ್ತು. ನಡುವೆ ಎದ್ದರೆ ಉಳಿದವರ ಪಾಳಿ ತಪ್ಪುತ್ತದೆ.

"ಮನಿಯಾಗ ನೀವು ಸಣ್ಣವ್ರಿದ್ದಾಗ ಹಂಗ ಮಾಡಿದ್ನೆಲ್ಲ. ಇವತ್ತ ನೀಲಾ ಅರ್ಧಾ ಉಂಡ್ರ ನಾಳಿ ಕಸ್ತೂರಿ. ನೆನಪೈತಿಲ್ಲೋ?"

"ನಿನ್ನ ಪಾಳಿ ಎಂದ ಬರ್ತಿತ್ತು?"

ಅವ್ವ ಅದನ್ನು ಕೇಳಿಸಿಕೊಳ್ಳದವಳಂತೆ ಕೌದಿಯ ಬಿಳಿ ತುಂಡೊಂದನ್ನು ಮುಟ್ಟಿದಳು. "ಈ ಮೂವತ್ತು ಮಾತ್ರ ಪುಣ್ಯವಂತ್ರು ನೋಡು. ಏನ್ ಮಾಡಿದ್ರೂ ಉಳಿಯೂದಿಲ್ಲ ಇವು. ಹಲಗಿ ಗುಣಾನ ಅದು."

ಹೊಳೆ ಇಳಿಯಿತು. ಹಲಗೆಯ ಕೋಣೆಗೆ ಬೀಗ ಹಾಕಿ ಕೂತವರನ್ನೆಲ್ಲ ಮನೆಗೆ ಕಳಿಸಿದರು. ಗುರುಸಿದ್ದವ್ವನ 'ಸಾಕು' ಬಂದಿರಲಿಲ್ಲ, ಸಾಹೇಬರು ಕೈಚೆಲ್ಲಿದ್ದರು. ಟಾಕಿ ಮೂವತ್ತೇ ಸಲ ತುಂಬುವುದೆಂದು ಲೆಕ್ಕ ಬಂದ ಬೆಳಿಗ್ಗೆ, ನೀರಗಂಟಿ ಮತ್ತೆ ಹುಚ್ಚೆದ್ದರೆ ಕೈಯಾರೆ ನಿಲ್ಲಿಸೋಣವೆಂದು ಅವರು ದೊಡ್ಡ ಕೀಲಿಯ ಮೇಲೆ ಕೈಯಿಟ್ಟೇ ನಿಂತಿದ್ದರು. ಗೋಡೆಯ ಮೇಲೆ ಓಣಿಗೊಂದು ದೀಪ, ಹಲಗೆಯ ಮನೆಗಳಂತೆಯೇ ಎಂಟು ಸಾಲಿನಲ್ಲಿ. ಎಂಟು ಗಂಟೆಗೆ ಅರವತ್ತು ದೀಪ ಹತ್ತಿದವು. ಎರಡು ಹತ್ತಲಿಲ್ಲ. ಯಾವ ವಾಲ್ವೂ ಒದರಲಿಲ್ಲ. ಆ ಎರಡು ಓಣಿಗೆ ಇವತ್ತು ನೀರಿಲ್ಲ ಎಂದು ಯಂತ್ರವೇ ಸಾರಿತು. ಮರುದಿನ ಬೇರೆ ಎರಡು.

ಸಾಹೇಬರು ಧಾರವಾಡ ಪೇಢೆ ತರಿಸಿ ಹಲಗೆಗೆ ಕೂತವರ ಮನೆಮನೆಗೆ ಹಂಚಿದರು. ಯಂತ್ರ ಇದನ್ನು ಯಾರಿಂದ ಕಲಿಯಿತೆಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. ಕೈಬಿಟ್ಟಂತೆಯೂ ಇಲ್ಲ, ಹಟ ಹಿಡಿದಂತೆಯೂ ಇಲ್ಲ.

ದಾಕ್ಷಿಗೆ ತಿಳಿದಿತ್ತು, ಹೇಳಲು ಬಾಯಿ ಬರಲಿಲ್ಲ. ಅವ್ವ ಮನೆಯಲ್ಲಿ ಬಿಸಿಲಿಗೆ ಕೂತು ಕೈಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು. ಬೆರಳ ನಡುಕ ತುಸು ಇಳಿದಿತ್ತು. ಇನ್ನೇನು ಬೇಕು? ಆದರೂ ರೂಢಿಯಂತೆ ದಾಕ್ಷಿಯ ಕಣ್ಣು ಸುಮ್ಮನಿರಲಿಲ್ಲ. ನೀರಿಲ್ಲದ ಓಣಿಗಳ ಹೆಸರು ದಿನವೂ ಕಚೇರಿಯ ಬಾಗಿಲಿಗೆ ಅಂಟಿಸುತ್ತಿದ್ದರು. ಅವಳು ನೋಡಿಕೊಂಡು ಬಂದು, ಸಣ್ಣ ಕೌದಿಯಲ್ಲಿ ಆ ಓಣಿಯ ತುಂಡಿನ ಮೇಲೆ ಕಪ್ಪು ದಾರದ ಒಂದು ಗಂಟು ಹಾಕುತ್ತಿದ್ದಳು.

ಹದಿನೇಳನೆಯ ದಿನ ಮೊದಲ ದಿನದ ಎರಡು ಓಣಿಗಳೇ ಮತ್ತೆ ಬಂದವು. ದಾಕ್ಷಿ ಕೌದಿಯನ್ನು ಬೆಳಕಿಗೆ ಹಿಡಿದಳು. ಮೂವತ್ತೆರಡು ಕೆಂಪು ತುಂಡಿನ ಮೇಲೂ ಗಂಟು. ಬಿಳಿಯ ಮೇಲೆ ಒಂದೂ ಇಲ್ಲ. ತಾಯಿ ಮಗಳ ಓಣಿ ಇದ್ದದ್ದು ಬಿಳಿಯ ಮೇಲೆ.

ಅದೇ ದಿನ ದ್ಯಾಮವ್ವ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದಳು. ಅವಳ ಓಣಿ ಇವರದಕ್ಕೆ ಬೆನ್ನು ಹಚ್ಚಿದ ಓಣಿ.

"ಎರಡ ಕೊಡ ತುಂಬಕೋತೀನಿ ಬೇ. ನಿಮಗೇನ್ರಿ, ನಿಮ್ಮ ಓಣಿಗೆ ಗಂಗಾ ನಡ ಮುರಕೊಂಡ ಬಿದ್ದಾಳ. ಒಂದ ದಿನಾನೂ ತಪ್ಪಿಲ್ಲ." ತುಂಬುವಾಗ ನಗುತ್ತಲೇ ಸೇರಿಸಿದಳು, "ಓಣ್ಯಾಗ ಅಂತಾರ, ಗುರುಸಿದ್ದವ್ವ ಐದ ತಿಂಗಳ ಏಳದ ಕುಂತದ್ದು ಇದಕ್ಕ ಅಂತ. ನಾ ಅನ್ನೂದಿಲ್ಲ ಮತ್ತ. ಮಂದಿ ಅಂತಾರ."

ಅವ್ವ ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದಳು.

ದಾಕ್ಷಿ ಕೌದಿ ಮಡಚಿಕೊಂಡು ಕಚೇರಿಗೆ ನಡೆದಳು. ದಾರಿಯುದ್ದಕ್ಕೂ ಮಾತನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿಕೊಂಡಳು. ಸಾಹೇಬರು ಗಂಟುಗಳನ್ನು ನೋಡಿದರು, ಗೋಡೆಯ ದೀಪಗಳನ್ನು ನೋಡಿದರು. ಅವರಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ.

"ನಿಮ್ಮವ್ವನ ಕೈ ಇದು! ಅಯ್ಯ ದೇವರ, ಪಾಳಿ ಹಚ್ಚ್ಯಾರ ಅವ್ರು!" ಎಂದು ಎದ್ದು ನಿಂತರು. ಆಮೇಲೆ ನಿಟ್ಟುಸಿರು ಬಿಟ್ಟು ಕೂತರು. "ಆದ್ರ ಬಿಳಿ ಮನಿ ಉಳಿಯೂದಿಲ್ಲ ತಂಗಿ. ನೀನ ತೋರಿಸಿದ್ಯೆಲ್ಲ. ಅದು ಗಣಿತ. ಯಾರ ಕೈಯಾಗೂ ಇಲ್ಲ."

ದಾಕ್ಷಿಗೆ ಎದ್ದು ನಿಂತು ಮಗ್ಗಿ ಹೇಳಬೇಕಾದ ದಿನ ನೆನಪಾಯಿತು. ಈ ಸಲ ಓಡಿಹೋಗಲು ಜಾಗವಿರಲಿಲ್ಲ.

"ಹಲಗಿ ಮ್ಯಾಲ ಗಣಿತ ಹೌದ್ರಿ," ಎಂದಳು. "ಪಟ್ಟಿ ಪಕ್ಕದ ಮನೀನ ಮುಚ್ಚಬೇಕು, ಅದಕ್ಕ. ಊರಾಗ ಟಾಕಿ ನೀರು ಯಾವ ಎರಡ ಓಣಿಗೆ ಬಿಟ್ರೂ ನಡೀತೈತಿ. ಊರಿಗೆ ಬಣ್ಣ ಇಲ್ರೀ."

ಸಾಹೇಬರು ಕೌದಿಯ ಗಂಟುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. "ನಾ ಏನರ ಬರದು ತಿದ್ದಾಕ ಹೋದ್ರ ಕಲತಿದ್ದನ್ನೂ ಮರತೀತು," ಎಂದರು. "ಕೈ ನೋಡಿ ಕಲತೈತಿ. ಕೈನ ತಿದ್ದಬೇಕು." ಆ ಕೈ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೆಸರೆತ್ತಲಿಲ್ಲ.

ಮನೆಗೆ ಬಂದು ಹೇಳುವಾಗ ದಾಕ್ಷಿಗೆ ಅಳು ಬಂತು. ಬಿಡಿಸಲು ಹೊರಟವಳು ತಾನೇ ಕಟ್ಟಿಹಾಕಲು ಬಂದಿದ್ದಳು. ಅವ್ವ ಕೇಳಿ, ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ಪಂಗ್ತ್ಯಾಗ ಏನ್ ಮಾಡ್ತಾರ? ಮೊದಲ ಉಂಡವ್ರು ಮರುದಿನ ಬಡಸ್ತಾರ, ಬಡಸಿದವ್ರು ಉಣ್ಣಾಕ ಕುಂದರತಾರ. ಅಷ್ಟ. ಇದನ್ನ ನಾನ ಮೊದಲ ನೋಡಬೇಕಿತ್ತು. ಹಲಗಿ ಅಂತ ತಿಳಕೊಂಡಿದ್ನಿ, ಊರ ಅಂತ ತಿಳಕೊಳ್ಳಲಿಲ್ಲ. ನಡಿ."

ಬೀಗ ತೆಗೆದರು. ಸಾಹೇಬರು ಟೊಪ್ಪಿಗೆ ಹಿಡಿದು ಬಂದರು.

"ಅದು ಬ್ಯಾಡ್ರಿ ಸಾಹೇಬ್ರ. ತಲಿ ಕೆರಿತೈತಿ."

"ಆತ್ರಿ ಅವ್ವಾರ, ಹಲಗಿ ಒಂದ ಸಾಕು," ಎಂದು ಅದನ್ನು ಗೋಡೆಯ ಮೊಳೆಗೆ ತಗಲಿಸಿದರು.

ಅವ್ವ ಹೇಳಿದಂತೆ ದಾಕ್ಷಿ ಹಲಗೆಯ ಚೀಟಿಗಳನ್ನು ಉಗುರಿನಿಂದ ಎಬ್ಬಿಸಿ, ಪ್ರತಿ ಓಣಿಗೂ ಅದರ ಪಕ್ಕದ ಮನೆಯ ಓಣಿಯೊಡನೆ ಜಾಗ ಅದಲುಬದಲು ಮಾಡಿ ಅಂಟಿಸಿದಳು. ಕೌದಿಯ ಲೆಕ್ಕದಲ್ಲಿ ಬಿಳಿಯ ಮೇಲಿದ್ದ ಮೂವತ್ತೂ ಓಣಿ ಕೆಂಪಿನ ಮೇಲೆ ಬಂದವು. ಜೊತೆ ಸಿಗದೆ ಎರಡು ಓಣಿ ಕೆಂಪಿನ ಮೇಲೆಯೇ ಉಳಿದವು; ಮುಂದಿನ ಸುತ್ತಿಗೆ ಅವನ್ನು ಮೊದಲು ಎಬ್ಬಿಸಿ ಬಿಳಿಗೆ ತರಬೇಕೆಂದು ಅವ್ವ ನೆನಪಿಟ್ಟುಕೊಂಡಳು. ಆಮೇಲೆ ಪಟ್ಟಿ ಹಚ್ಚತೊಡಗಿದರು. ಅವ್ವ ತೋರಿಸಿದಲ್ಲಿ ದಾಕ್ಷಿ ಇಟ್ಟಳು. ನಡುಗುವ ಬೆರಳು ಮುಂದೆ, ನಡುಗದ ಬೆರಳು ಹಿಂದೆ. ಒಂದು ಸುತ್ತು, ಮತ್ತೆ ಚೀಟಿ ಬದಲು, ಇನ್ನೊಂದು ಸುತ್ತು. ಆರು ದಿನ ಹಿಡಿಯಿತು. ಕಡೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಕೊನೆಯ ಎರಡು ಮನೆ ಉಳಿದವು.

ಗುರುಸಿದ್ದವ್ವ ಹಲಗೆಯನ್ನೊಮ್ಮೆ ಸವರಿ ಎದ್ದಳು. ಗಾಜಿನ ಆಚೆಯಿಂದ ಸಾಹೇಬರ ಕಣ್ಣು ಹಸಿರು ಗುಂಡಿಯ ಮೇಲೆ ಹೋಯಿತು. ಅವಳು ಅದನ್ನು ನೋಡಲೂ ಇಲ್ಲ.

ಮರುದಿನ ಎಂಟು ಗಂಟೆಗೆ ಗೋಡೆಯ ಮೇಲೆ ಎರಡು ದೀಪ ಹತ್ತಲಿಲ್ಲ. ಅದರಲ್ಲಿ ಒಂದು ಅವರ ಓಣಿಯದು. ನಲ್ಲಿಯ ಮುಂದೆ ಹೆಂಗಸರು ಗೊಣಗಿದರು. ಬೆನ್ನಹಿಂದಿನ ಓಣಿಯಿಂದ ದ್ಯಾಮವ್ವ ತುಂಬಿದ ಕೊಡ ಹೊತ್ತು ಬಂದು ಕಟ್ಟೆಯ ಮೇಲಿಟ್ಟು, "ತಗೋರಿ, ಇವತ್ತ ನಮ್ಮ ದರ್ಬಾರ," ಎಂದು ಹೋದಳು.

ಮಧ್ಯಾಹ್ನ ದಾಕ್ಷಿ ರೊಟ್ಟಿ ಬಡಿದು ಅವ್ವನನ್ನು ಮೊದಲು ಕೂರಿಸಿದಳು. ಹೆಸರುಕಾಳಿನ ಪಲ್ಯ, ಒಂದು ಉಳ್ಳಾಗಡ್ಡಿ. ಅವ್ವ ರೊಟ್ಟಿ ಮುರಿದಳು, ಚೂರುಗಳನ್ನು ಸಾಲಿಗೆ ಇಡಲಿಲ್ಲ, ತಿಂದಳು. ಒಂದು ಮುಗಿಯಿತು, ಎರಡು ಮುಗಿಯಿತು. ದಾಕ್ಷಿ ಮೂರನೆಯದನ್ನು ಬಡಿಸಲು ಬಾಗಿದಳು.

ಅವ್ವ ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

"ಸಾಕು."

ದಾಕ್ಷಿಯ ಕೈ ಅಲ್ಲೇ ನಿಂತಿತು. ಆ ಮಾತಿಗಾಗಿ ಕಾದ ಟೊಪ್ಪಿಗೆ ಊರಾಚೆಯ ಕಚೇರಿಯಲ್ಲಿ ಮೊಳೆಗೆ ತೂಗುತ್ತಿತ್ತು. ಇಲ್ಲಿ ಅವ್ವನ ತಲೆಯ ಮೇಲೆ ಸವೆದ ಕೂದಲಿನ ಬಳೆಯಷ್ಟೇ ಇತ್ತು. ಅವಳು ಆಗಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಕೈ ಮಡಿಲಲ್ಲಿ ಸುಮ್ಮನಿತ್ತು.

ದಾಕ್ಷಿ ತಾನು ಉಂಡು, ತಾಟು ಎತ್ತಿ, ಬುಟ್ಟಿಗೆ ಅರಿವೆ ಮುಚ್ಚಿದಳು. ಒಳಗೆ ಎರಡು ರೊಟ್ಟಿ ಉಳಿದಿದ್ದವು.